ವಾರಕ್ಕೆ ಉಳಿದ ಗಂಟೆಗಳು

ಎಲ್ಲದಕ್ಕೂ ಕಾರಣ ಒಂದು ಕಾಲಂ. ಹಾಕಿದ ಕಾಲಂ ಅಲ್ಲ, ಬಿಟ್ಟ ಕಾಲಂ.

ಶಿಕ್ಷಕರ ಪಿಂಚಣಿ ನಿಧಿಯ ಕಚೇರಿಯಲ್ಲಿ ನಾಲ್ಕು ವರ್ಷದಿಂದ ಹಂಗಾಮಿಯಾಗಿ ಕೂತಿದ್ದ ಗುಮಾಸ್ತನನ್ನು ಎಲ್ಲರೂ ‘ಕಾಲಂ’ ಎಂದೇ ಕರೆಯುತ್ತಿದ್ದರು. ಖಾಲಿ ಹಾಳೆ ಕೈಗೆ ಸಿಕ್ಕರೆ ಸಾಕು, ಸ್ಕೇಲು ಹಿಡಿದು ಗೆರೆ ಎಳೆದುಬಿಡುತ್ತಿದ್ದ. ತನ್ನ ಮದುವೆಯ ಸಾಮಾನಿನ ಪಟ್ಟಿಗೂ ‘ಷರಾ’ ಎಂದೊಂದು ಕಾಲಂ ಹಾಕಿದ್ದ. ಅದರಲ್ಲಿ ಅವನ ಮಾವ ಬರೆದ ಷರಾ ಇಲ್ಲಿ ಹೇಳುವಂಥದ್ದಲ್ಲ. ಆ ಮಾವ ಇವತ್ತಿಗೂ ನಾಲ್ಕು ಜನರ ಮುಂದೆ ಇವನನ್ನು ‘ನಮ್ಮ ಹಂಗಾಮಿ ಅಳಿಯ’ ಎಂದೇ ಪರಿಚಯ ಮಾಡಿಸುವುದು.

ಎರಡು ವರ್ಷದ ಹಿಂದೆ ನಿಧಿಯ ಆಡಳಿತ ಮಂಡಳಿಗೆ ಜ್ಞಾನೋದಯವಾಗಿತ್ತು. ದೊಡ್ಡ ದೊಡ್ಡ ಸಂಸ್ಥೆಗಳು ಈಗ ಬಡ್ಡಿ ಬರುವ ಕಡೆಗಷ್ಟೇ ದುಡ್ಡು ಹಾಕುವುದಿಲ್ಲವಂತೆ; ಬಡ್ಡಿಯೂ ಬರಬೇಕು, ಲೋಕಕಲ್ಯಾಣವೂ ಆಗಬೇಕು. ಆದರೆ ಕಲ್ಯಾಣವಾದರೆ ಸಾಲದು, ಎಷ್ಟಾಯಿತು ಎಂದು ಅಳೆದು ತೋರಿಸಬೇಕು. ಕೂಡಲೇ ನಿಧಿಯವರು ಇಕ್ಕಟ್ಟಿನ ಬಡಾವಣೆಗಳಲ್ಲಿ ದುಡ್ಡು ಕೊಟ್ಟು ಬಟ್ಟೆ ಒಗೆದುಕೊಂಡು ಹೋಗುವ ಯಂತ್ರದ ಅಂಗಡಿಗಳನ್ನು ತೆರೆಯುವ ಒಂದು ಕಂಪನಿಗೆ ದುಡ್ಡು ಹಾಕಿದರು. ಹೆಂಗಸರ ಸಮಯ ಉಳಿಯುತ್ತದೆ, ಬದುಕು ಬದಲಾಗುತ್ತದೆ ಎಂಬುದು ಲೆಕ್ಕ. ಅಳೆಯುವುದಕ್ಕೆ ‘ಪರಿಣಾಮ ವಿಭಾಗ’ ಹುಟ್ಟಿತು. ವಿಭಾಗ ಎಂದರೆ ಕಾಲಂ, ಒಂದು ಬೀರು, ತಿರುಗಿದರೆ ತಿರುಗಿತು ಎನ್ನುವಂಥ ಒಂದು ಫ್ಯಾನು.

ಅಂಗಡಿಯವರು ಮನೆಮನೆಗೆ ಹೋಗಿ ತುಂಬಿಸಬೇಕಾದ ಫಾರ್ಮನ್ನು ಕಾಲಂ ತಾನೇ ತಯಾರಿಸಿದ. ಒಂದು: ಯಂತ್ರದ ಅಂಗಡಿಯಿಂದ ನಿಮ್ಮ ಬದುಕಿನಲ್ಲಿ ಬದಲಾವಣೆ ಆಗಿದೆಯೇ? ಎರಡು: ವಾರಕ್ಕೆ ಎಷ್ಟು ಗಂಟೆ ಉಳಿದಿದೆ? ಮೂರು: ಬದಲಾವಣೆ ಒಳ್ಳೆಯದಕ್ಕೋ, ಕೆಟ್ಟದ್ದಕ್ಕೋ? ಈ ಮೂರನೆಯ ಕಾಲಂ ಹಾಳೆಯ ಅಂಚಿನಿಂದ ಆಚೆ ಹೋಯಿತು.

“ಎರಡನೇ ಹಾಳೆ ಯಾಕಯ್ಯಾ?” ಎಂದಿದ್ದರು ಮ್ಯಾನೇಜರು. “ನಾವೇನು ಕೆಟ್ಟದಾಗ್ಲಿ ಅಂತ ದುಡ್ಡು ಹಾಕ್ತೀವಾ? ತೆಗಿ ಅದನ್ನ.”

ತೆಗೆದ. ವರ್ಷ ಮುಗಿಯುವಷ್ಟರಲ್ಲಿ ‘ಬದಲಾದ ಬದುಕುಗಳು: 11,412’ ಎಂಬ ಬೋರ್ಡು ಕಚೇರಿಯ ಬಾಗಿಲಲ್ಲೇ ರಾರಾಜಿಸತೊಡಗಿತು.

ಆವತ್ತು ಬೆಳಿಗ್ಗೆ ಮ್ಯಾನೇಜರು ಕಾಲಮನನ್ನು ಕರೆದರು. “ಮೂರು ಗಂಟೆಗೆ ವಿಮಾ ಸಂಸ್ಥೆಯ ಮೇಡಂ ಬರ್ತಾರೆ. ಅವರ ಸಂಸ್ಥೆಯ ದುಡ್ಡೂ ಇದಕ್ಕೇ ಹಾಕೋ ಯೋಚನೆ ಇದೆ. ಅಂಕಿ ನೋಡಿ ನೋಡಿ ಸಾಕಾಗಿದೆಯಂತೆ, ಬದಲಾದ ಬದುಕನ್ನ ಕಣ್ಣಾರೆ ನೋಡ್ಬೇಕಂತೆ. ಒಂದನ್ನ ಕರ್ಕೊಂಡು ಬಾ.”

“ಒಂದೇ ಸಾಕಾ ಸಾರ್?”

“ಹನ್ನೊಂದು ಸಾವಿರದಲ್ಲಿ ಒಂದು ಸಿಗಲ್ವೇನಯ್ಯಾ?” ಎನ್ನುತ್ತಾ ಮ್ಯಾನೇಜರು ಡ್ರಾಯರು ಎಳೆದು ಒಂದು ಹಾಳೆಯ ತುದಿ ತೋರಿಸಿದರು. “ನಿನ್ನ ಕಾಯಂ ಆದೇಶ. ಸಹಿ ಒಂದು ಬಾಕಿ. ಸಂಜೆ ಹಾಕ್ತೀನಿ.” ಡ್ರಾಯರು ಮುಚ್ಚಿತು.

ಕಾಲಂ ಓಡಿದ್ದು ತನ್ನ ಬೀದಿಯಲ್ಲೇ ಇದ್ದ ಯಂತ್ರದ ಅಂಗಡಿಗೆ. ಒಳಗೆ ಆರು ಯಂತ್ರಗಳು, ನಾಲ್ಕು ಕೆಟ್ಟಿದ್ದವು. ಉಳಿದ ಎರಡರ ಮುಂದೆ ಹೆಂಗಸರ ಸಾಲು ಹೊರಗಿನ ಚರಂಡಿಯವರೆಗೂ ಬಂದಿತ್ತು.

“ಅಕ್ಕಾ, ನಿಮ್ಮ ಬದುಕು ಬದಲಾಗಿದೆಯಲ್ವಾ?” ಎಂದು ಮುಂದಿದ್ದವಳನ್ನು ಕೇಳಿದ.

“ಬದಲಾಗ್ದೆ ಇರುತ್ತಾ! ನಮ್ಮನೆಯವರ ಬಿಳಿ ಅಂಗಿಗಳೆಲ್ಲಾ ಗುಲಾಬಿ ಆದ್ವು. ಆಫೀಸಲ್ಲಿ ಅವರನ್ನ ಈಗ ಯಾರೂ ಸಾರ್ ಅನ್ನಲ್ವಂತೆ.”

“ಗಂಟೆ ಉಳೀತಲ್ವಾ?”

“ಉಳೀತು. ಮನೇಲಿ ಉಳಿದಿದ್ದನ್ನ ತಂದು ಇಲ್ಲಿ ಸಾಲಲ್ಲಿ ಸುರೀತಿದೀನಿ,” ಎಂದಳು ಅವಳು. ಹಿಂದಿದ್ದವಳು, “ಅವರ ಹತ್ರ ಏನು ಮಾತು, ಬಕೆಟ್ ಮುಂದೆ ತಳ್ಳೇ” ಎಂದು ಕಾಲಮನನ್ನೂ ಸೇರಿಸಿಯೇ ತಳ್ಳಿದಳು.

ಹತ್ತು ಜನರನ್ನು ಕೇಳಿದ್ದಾಯಿತು. ಹತ್ತೂ ಬದುಕು ಬದಲಾಗಿದ್ದವು. ಒಂದನ್ನೂ ಮೇಡಂ ಮುಂದೆ ನಿಲ್ಲಿಸುವಂತಿರಲಿಲ್ಲ. ಕೊನೆಗೆ ಕಾಲಂ ಅಂಗಡಿಯ ಫಾರ್ಮುಗಳ ಕಟ್ಟನ್ನು ಬಿಚ್ಚಿ, ನೆಲದ ಮೇಲೆ ಕೂತು ಹುಡುಕತೊಡಗಿದ. ಉಳಿದ ಗಂಟೆ ಎರಡು, ಮೂರು, ಒಂದೂವರೆ... ಇದ್ದಕ್ಕಿದ್ದಂತೆ ಅವನ ಕಣ್ಣು ಹೊಳೆಯಿತು. ‘ಬದಲಾವಣೆ: ಹೌದು. ವಾರಕ್ಕೆ ಉಳಿದ ಗಂಟೆಗಳು: ಐವತ್ತಾರು.’

ಐವತ್ತಾರು! ಅವನು ಆ ಹಾಳೆಯನ್ನು ಲಾಟರಿ ಹೊಡೆದವನಂತೆ ಎದೆಗೊತ್ತಿಕೊಂಡ.

“ಏನೋ ಅದು, ನಿನ್ನ ಜಾತಕಾನಾ?” ಎಂದು ಬಾಗಿಲಿನಿಂದ ಒಂದು ಧ್ವನಿ ಕೇಳಿತು. ಪಕ್ಕದ ಮನೆಯ ಮೇಷ್ಟ್ರು. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಎದುರಿಗೆ ಸಿಕ್ಕವರ ತಪ್ಪು ತಿದ್ದುವ ಕೆಲಸದಿಂದ ಇನ್ನೂ ನಿವೃತ್ತರಾಗಿರಲಿಲ್ಲ. ಕಾಲಂ ಸಂಗತಿ ಹೇಳಬಾರದಿತ್ತು, ಹೇಳಿದ.

“ಓಹೋ! ಅಂದ್ರೆ ನನ್ನ ಪಿಂಚಣಿ ದುಡ್ಡಲ್ಲಿ ಇವರ ಗಂಡಂದಿರ ಅಂಗಿಗೆ ಗುಲಾಬಿ ಬಣ್ಣ ಹಾಕ್ತಿದೀರಿ,” ಎಂದರು ಮೇಷ್ಟ್ರು. “ನಡಿ, ಆ ಐವತ್ತಾರು ಗಂಟೆಯವಳನ್ನ ನಾನೂ ನೋಡ್ತೀನಿ. ನನ್ನ ದುಡ್ಡು.”

“ಬೇಡಿ ಮೇಷ್ಟ್ರೇ, ನಿಮಗ್ಯಾಕೆ ತೊಂದ್ರೆ...”

“ತೊಂದ್ರೆ ನನಗಲ್ಲ ಕಣೋ,” ಎಂದು ಮೇಷ್ಟ್ರು ಕೊಡೆ ಎತ್ತಿಕೊಂಡು ಮುಂದೆ ನಡೆದರು.

ವಿಳಾಸ ಸಿಕ್ಕಿದ್ದು ಮೂರು ಓಣಿ ದಾಟಿ, ಒಂದು ಮಹಡಿ ಹತ್ತಿದ ಮೇಲೆ. ಒಂದೇ ಕೋಣೆ. ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ ಹೆಂಗಸನ್ನು ನೋಡಿ ಮೇಷ್ಟ್ರೇ ಮೊದಲು ಗುರುತು ಹಿಡಿದರು. “ಅರೆ, ಸೋಪಕ್ಕ!”

ಸೋಪಕ್ಕ ಎಂದರೆ ಕಾಲಮನ ಬೀದಿಯ ಹದಿನಾರು ಮನೆಗಳ ಬಟ್ಟೆಯನ್ನು ಹನ್ನೆರಡು ವರ್ಷ ಒಗೆದವಳು. ಕಾಲಮನ ಮದುವೆಯ ಕೋಟಿನ ಕಲೆಯನ್ನು ತೆಗೆದದ್ದೂ ಅವಳೇ.

“ಐವತ್ತಾರು ಗಂಟೆ ಅಂತ ನೀವೇ ಬರೆಸಿದ್ದಾ ಅಕ್ಕಾ?” ಎಂದು ಕಾಲಂ ಕೇಳಿದ.

“ಹೂಂ ತಮ್ಮಾ. ದಿನಕ್ಕೆ ಎಂಟು ಗಂಟೆ ಒಗೀತಿದ್ದೆ, ವಾರಕ್ಕೆ ಏಳು ದಿನ. ಅಂಗಡಿ ಬಂತು, ಹದಿನಾರು ಮನೇನೂ ಬಿಟ್ವು. ಉಳಿದ ಗಂಟೆ ಎಷ್ಟು ಅಂತ ಕೇಳಿದ್ರು. ಎಲ್ಲಾ ಉಳಿದಿದೆ, ಬರ್ಕೊಳ್ಳಿ ಅಂದೆ.”

ಮೇಷ್ಟ್ರು ಕೊಡೆ ಊರಿ ಕಾಲಮನ ಮುಖವನ್ನು ನೋಡಿದರು, ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವಂತೆ. ಗಂಟೆ ಎರಡಾಗಿತ್ತು. ಬೇರೆ ಬದುಕು ಹುಡುಕಲು ಸಮಯವಿರಲಿಲ್ಲ.

“ಅಕ್ಕಾ, ಒಂದು ಉಪಕಾರ. ಕಚೇರಿಗೆ ಬಂದು ಐವತ್ತಾರು ಗಂಟೆ ಉಳೀತು ಅಂತ ಹೇಳ್ಬಿಡಿ, ಅಷ್ಟೇ.”

“ನಾನು ಸುಳ್ಳು ಹೇಳಲ್ಲಪ್ಪಾ.”

“ಸುಳ್ಳು ಬೇಡ್ವೇ ಬೇಡ. ನಿಜಾನೇ ಹೇಳಿ. ಸ್ವಲ್ಪ ಕಡಿಮೆ ಹೇಳಿ.”

ಸೋಪಕ್ಕ ಯೋಚಿಸಿದಳು. “ಅಲ್ಲಿ ಏನಾದ್ರೂ ಕೆಲಸ ಸಿಗುತ್ತಾ?”

ಕಾಲಮನಿಗೆ ಡ್ರಾಯರಿನ ಹಾಳೆ ಕಣ್ಣೆದುರು ಬಂತು. “ದೊಡ್ಡ ಮನಸ್ಸಿನವರು ಅಕ್ಕಾ. ನೀವು ಚೆನ್ನಾಗಿ ಮಾತಾಡಿದ್ರೆ ಯಾಕೆ ಸಿಗಲ್ಲ?” ಎಂದುಬಿಟ್ಟ. ಮಾತು ಆಡಿದರೆ ಹೋಯಿತು ಎಂಬ ಗಾದೆ ಅವನಿಗೆ ಗೊತ್ತಿತ್ತು, ಆ ಹೊತ್ತಿಗೆ ನೆನಪಿರಲಿಲ್ಲ.

ಸೋಪಕ್ಕ ಒಳಗೆ ಹೋಗಿ ತಲೆ ಬಾಚಿ, ಕೆಲಸ ಕೇಳುವುದಕ್ಕೆಂದು ತನ್ನ ಹಳೆಯ ಲೆಕ್ಕದ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಬಂದಳು.

ಮೂರು ಗಂಟೆಗೆ ಸಭೆ ಶುರುವಾಯಿತು. ಮೇಷ್ಟ್ರನ್ನು ತಡೆಯಲು ಜವಾನ ಬಾಗಿಲಿಗೆ ಅಡ್ಡ ನಿಂತ. “ಪಿಂಚಣಿದಾರ ಕಣಯ್ಯಾ ನಾನು, ಈ ಬಾಗಿಲೂ ನಂದೇ,” ಎಂದು ಅವರು ಒಳಗೆ ಬಂದು ಕೂತರು. ವಿಮೆಯ ಮೇಡಂ ಪೆನ್ನು ತೆರೆದು, ಸೋಪಕ್ಕನ ಕಡೆ ಅಪಾರ ಕರುಣೆಯಿಂದ ನಕ್ಕರು.

“ವಾರಕ್ಕೆ ಐವತ್ತಾರು ಗಂಟೆ ಉಳೀತಂತೆ? ಅದ್ಭುತ! ಆ ಸಮಯದಲ್ಲಿ ಏನು ಮಾಡ್ತೀರಿ?”

“ಸುಮ್ನೆ ಕೂತಿರ್ತೀನಿ.”

ಮೇಡಂ ‘ವಿಶ್ರಾಂತಿ’ ಎಂದು ಬರೆದುಕೊಂಡರು. “ಮಕ್ಕಳು?”

“ನಮ್ಮಕ್ಕನ ಮನೇಲಿ ಬಿಟ್ಟಿದೀನಿ.”

‘ಕುಟುಂಬ ಬಾಂಧವ್ಯ.’ “ಆರೋಗ್ಯ ಹೇಗಿದೆ? ಊಟ?”

“ರಾತ್ರಿ ಊಟ ಬಿಟ್ಟಿದೀನಿ.”

‘ಆಹಾರದಲ್ಲಿ ಹಿತಮಿತ.’ ಮ್ಯಾನೇಜರು ಮೇಜಿನ ಕೆಳಗೆ ಕಾಲಮನಿಗೆ ಹೆಬ್ಬೆಟ್ಟು ತೋರಿಸಿದರು. ಕಾಲಮನಿಗೆ ಆಗಲೇ ತಾನು ಕಾಯಂ ಆದಂತೆ, ಮಾವ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟಂತೆ ಕಂಡಿತು.

ಆಗ ಮೇಷ್ಟ್ರು ಎದ್ದು ನಿಂತರು. “ರೀ, ಕೆಲಸ ಹೋಗಿದೆ ಕಣ್ರೀ ಅವಳದ್ದು! ಹೊಟ್ಟೆಗಿಲ್ಲ ಅನ್ನೋದನ್ನ ಹಿತಮಿತ ಅಂತ ಬರೀತೀರಲ್ಲ, ನಿಮಗೆ ಕನ್ನಡ ಕಲಿಸಿದವರು ಯಾರು?”

ಫ್ಯಾನು ಕೂಡ ನಿಂತುಬಿಟ್ಟಿತು. ಮ್ಯಾನೇಜರು ಕಾಲಮನನ್ನು ನೋಡಿದರು. ಕಾಲಂ ತನ್ನ ಚಪ್ಪಲಿ ನೋಡಿಕೊಂಡ. ಸೋಪಕ್ಕ ಮಾತ್ರ ಗಾಬರಿಯಾಗಲಿಲ್ಲ.

“ಹೌದಮ್ಮಾ,” ಎಂದಳು. “ಈ ತಮ್ಮ ಕೆಲಸ ಸಿಗಬಹುದು ಅಂದ್ರು, ಅದಕ್ಕೇ ಬಂದೆ. ಹದಿನಾರು ಮನೆ ಬಟ್ಟೆಯಲ್ಲಿ ಒಂದು ಕರ್ಚೀಫು ಅದಲುಬದಲಾಗಿಲ್ಲ. ನೋಡಿ ಬೇಕಾದ್ರೆ.” ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

ಮೇಡಂ ಪುಟ ತಿರುವಿದರು. ಪುಟಪುಟಕ್ಕೂ ನೇರವಾದ ಗೆರೆಗಳು. ಮನೆ, ಬಟ್ಟೆ, ಬಂದಾಗ ಹೇಗಿತ್ತು, ಹೋದಾಗ ಹೇಗಿತ್ತು. ಕೊನೆಯಲ್ಲಿ ಒಂದು ಕಾಲಂ: ‘ಕಲೆ ಮೊದಲೇ ಇತ್ತು.’

“ಇದೇನು?” ಎಂದರು ಮೇಡಂ, ದನಿಯಲ್ಲಿ ಭಕ್ತಿ ತುಂಬಿ.

“ಕೊಡೋವಾಗ್ಲೇ ಕಲೆ ಇದ್ರೆ ಬರೆದಿಡ್ತಿದ್ದೆ. ಇಲ್ದಿದ್ರೆ ನೀನೇ ಮಾಡಿದ್ದು ಅಂತ ನನ್ನ ತಲೆಗೆ ಕಟ್ತಾರೆ.”

ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. “ಮ್ಯಾನೇಜರೇ, ನಾವು ಊರೂರು ತಿರುಗಿ ಹೇಳ್ತಿರೋದು ಇದನ್ನೇ! ಮೊದಲು ಹೇಗಿತ್ತು, ಆಮೇಲೆ ಹೇಗಾಯ್ತು, ಅದರಲ್ಲಿ ನಮ್ಮಿಂದ ಆಗಿದ್ದೆಷ್ಟು! ನಿಮ್ಮ ಫಾರ್ಮಲ್ಲಿ ಒಳ್ಳೇದಾಯ್ತಾ ಕೆಟ್ಟದಾಯ್ತಾ ಅಂತ ಒಂದು ಕಾಲಂ ಇಲ್ಲ. ಮಾಡಿದ್ದು ಯಾರು ಈ ಫಾರ್ಮು?”

ಅಂದು ಮೂರನೆಯ ಕಾಲಂ ತೆಗೆಸಿದ್ದ ಬೆರಳನ್ನೇ ಎತ್ತಿ ಮ್ಯಾನೇಜರು ಕಾಲಮನನ್ನು ತೋರಿಸಿದರು.

ಮುಂದಿನದೆಲ್ಲ ಬೇಗ ಮುಗಿಯಿತು. ಪರಿಣಾಮ ವಿಭಾಗದಲ್ಲಿ ಇಂಥವರು ಇದ್ದರೆ ಮಾತ್ರ ತಮ್ಮ ಸಂಸ್ಥೆ ದುಡ್ಡು ಹಾಕುತ್ತದೆ ಎಂದರು ಮೇಡಂ. ಹುದ್ದೆ ಖಾಲಿ ಇಲ್ಲವಲ್ಲ ಎಂದು ಯಾರೂ ಹೇಳುವ ಮೊದಲೇ ಮ್ಯಾನೇಜರು ಡ್ರಾಯರು ಎಳೆದರು. ಕಾಯಂ ಆದೇಶದಲ್ಲಿ ಒಂದು ಹೆಸರಿಗೆ ಅಡ್ಡಗೆರೆ ಬಿತ್ತು, ಇನ್ನೊಂದು ಹೆಸರು ಬಂತು, ಬಾಕಿ ಇದ್ದ ಸಹಿಯೂ ಬಿತ್ತು. ಒಂದು ಬೀರು, ಒಂದು ಫ್ಯಾನಿನ ವಿಭಾಗಕ್ಕೆ ಇಬ್ಬರು ಹೆಚ್ಚು ಎಂಬ ತೀರ್ಮಾನವೂ ಅದೇ ಉಸಿರಿನಲ್ಲಿ ಆಯಿತು. ಮೇಷ್ಟ್ರು ಹೊರಡುವಾಗ ಕಾಲಮನ ಬೆನ್ನು ತಟ್ಟಿದರು. “ಜೀವನದಲ್ಲಿ ಮೊದಲನೇ ಸಲ ನಿನ್ನಿಂದ ಒಬ್ಬರಿಗೆ ನಿಜವಾಗ್ಲೂ ಒಳ್ಳೇದಾಯ್ತು ಕಣೋ.”

ಮೇಡಂ ಕಾರು ಹತ್ತಿದ ಮೇಲೆ ಮ್ಯಾನೇಜರಿಗೆ ಹೊಸ ಚಿಂತೆ ಹತ್ತಿತು. ಸೋಪಕ್ಕನಿಗೆ ಕೆಲಸ ಸಿಕ್ಕಿತೆಂದರೆ ಅವಳ ಐವತ್ತಾರು ಗಂಟೆ ಲೆಕ್ಕದಿಂದ ಹೋಯಿತು. ನಿಧಿಯ ಅತಿ ದೊಡ್ಡ ಪರಿಣಾಮವೇ ಕೈತಪ್ಪಿತಲ್ಲ! ಅವರ ಕಣ್ಣು ಕೋಣೆಯೆಲ್ಲ ಸುತ್ತಿ, ಬೀರುವಿನಿಂದ ತನ್ನ ಸ್ಕೇಲು ತೆಗೆದುಕೊಳ್ಳುತ್ತಿದ್ದ ಕಾಲಮನ ಮೇಲೆ ನಿಂತಿತು. ಸೋಪಕ್ಕನ ಕಿವಿಯಲ್ಲಿ ಏನೋ ಹೇಳಿದರು.

ಸೋಪಕ್ಕ ಹೊಸ ಕುರ್ಚಿಯಲ್ಲಿ ನೆಟ್ಟಗೆ ಕೂತು ಒಂದು ಫಾರ್ಮು ಎಳೆದುಕೊಂಡಳು. “ತಮ್ಮಾ, ಬೇಜಾರು ಮಾಡ್ಕೋಬೇಡಿ, ಮೊದಲ್ನೇ ದಿನ, ಸಾಹೇಬ್ರು ಹೇಳಿದಾರೆ. ಯಂತ್ರದ ಅಂಗಡಿಯಿಂದ ನಿಮ್ಮ ಬದುಕಿನಲ್ಲಿ ಬದಲಾವಣೆ ಆಗಿದೆಯೇ?”

ಕಾಲಂ ಸ್ಕೇಲಿನ ಅಂಚು ಒರೆಸತೊಡಗಿದ.

“ಸುಳ್ಳು ಬೇಡ. ನಿಜಾನೇ ಹೇಳಿ. ಸ್ವಲ್ಪ ಕಡಿಮೆ ಹೇಳಿದ್ರೂ ನಡೆಯುತ್ತೆ.”

“ಹೌದು,” ಎಂದ.

“ವಾರಕ್ಕೆ ಎಷ್ಟು ಗಂಟೆ ಉಳಿದಿದೆ?”

ದಿನಕ್ಕೆ ಎಂಟು, ವಾರಕ್ಕೆ ಆರು ದಿನ. ಲೆಕ್ಕದಲ್ಲಿ ಅವನು ಯಾವತ್ತೂ ತಪ್ಪಿದವನಲ್ಲ. “ನಲವತ್ತೆಂಟು.”

ಬಾಗಿಲಲ್ಲಿ ಜವಾನ ಸ್ಟೂಲು ಹತ್ತಿ ಬೋರ್ಡಿನ ಕೊನೆಯ ಅಂಕಿ 2 ಅಳಿಸಿ 3 ಬರೆಯತೊಡಗಿದ. ಸೋಪಕ್ಕ ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಅಲ್ಲಾ ತಮ್ಮಾ, ಇದು ಒಳ್ಳೇದಕ್ಕೋ ಕೆಟ್ಟದ್ದಕ್ಕೋ ಅಂತ ಎಲ್ಲಿ ಬರೀಲಿ?”

ಕಾಲಂ ಸ್ಕೇಲನ್ನು ಜೇಬಿಗೆ ಸಿಕ್ಕಿಸಿಕೊಂಡ.

“ಜಾಗ ಸಾಕಾಗ್ಲಿಲ್ಲ ಅಕ್ಕಾ,” ಎಂದ.