ಉಪ್ಪಿನಕಾಯಿ ಕಂಪನಿಯ ಡೈರೆಕ್ಟರುಗಳು

ನಗೆ ಹುಟ್ಟಬೇಕಾದರೆ ಯಾರಾದರೂ ತಮಾಷೆ ಮಾಡಲೇಬೇಕೆಂದಿಲ್ಲ. ನಾಲ್ಕು ಜನ ಸೇರಿ ನಿಯಮದ ಪ್ರಕಾರ ನಡೆಯುತ್ತೇವೆಂದು ಹೊರಟರೆ ಸಾಕು, ತಾನಾಗಿ ಹುಟ್ಟುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಹೊಸ ಉದ್ಯಮಗಳಿಗೆ ಬಂಡವಾಳ ಹಾಕುವ ಸಂಸ್ಥೆಯೊಂದರಲ್ಲಿ ಅಧಿಕಾರಿಯಾಗಿದ್ದೆ. ಇಂಡಿ ಪಟ್ಟಣದ ಸಾಹುಕಾರರೊಬ್ಬರು ಲಿಂಬೆ ಉಪ್ಪಿನಕಾಯಿಯ ಕಂಪನಿ ಕಟ್ಟಿದರು. ಸುತ್ತಲಿನ ತಾಲೂಕುಗಳವರೂ ಶೇರು ಹಿಡಿದರು, ನಮ್ಮ ಸಂಸ್ಥೆಯೂ ಹಿಡಿಯಿತು. ಅದರ ಪರವಾಗಿ ನಾನು ಡೈರೆಕ್ಟರ್. ಮೊದಲ ಕಂತು ಕೊಟ್ಟಾಗಿತ್ತು. ವ್ಯವಹಾರ ಚೊಕ್ಕಟವಾಗಿದೆ ಎಂದು ನಾನು ಬರೆದರೆ ಎರಡನೆಯದು. ಇಲ್ಲವಾದರೆ ಸಾಹುಕಾರರು ಕಾರ್ಖಾನೆಯ ಬಾಗಿಲು ಹಾಕಬೇಕಾದದ್ದೇ.

ಇಂಡಿ: ರುಚಿ ನೋಡದ ಪರೀಕ್ಷೆ

ಬಂಡವಾಳ ಪಡೆದ ಪಾರ್ಟಿಯವರ ಕೈಯಿಂದ ಏನನ್ನೂ ತಿನ್ನಬಾರದು, ಕುಡಿಯಬಾರದು ಎಂದು ನಮ್ಮ ದೊಡ್ಡ ಸಾಹೇಬರ ಕಟ್ಟಪ್ಪಣೆ. ನನ್ನದು ಹೊಸ ನೌಕರಿ, ಹೊಸ ನಿಷ್ಠೆ. ಸಾಹುಕಾರರು ಭರಣಿ ತೆರೆದರು. ನಾನು ಬಗ್ಗಿ ನೋಡಿದೆ, ಮೂಸಿದೆ, ಗಂಭೀರವಾಗಿ ತಲೆದೂಗಿದೆ.

“ಒಂದು ಹೋಳ ತಿಂದ್ ನೋಡ್ರಿ ಸಾಹೇಬ್ರ.”

“ತಿನ್ನಾಕ ಬರೂದಿಲ್ರಿ, ರೂಲ್ ಐತಿ.”

ಅವರು ಒಳಗೆ ಮುಖ ಮಾಡಿ ಹೆಂಡತಿಯನ್ನು ಕೂಗಿದರು: “ಕೇಳಿದೇನ? ಇವ್ರು ವಾಸನಿ ಮ್ಯಾಲೇ ರೊಕ್ಕ ಕೊಡ್ತಾರಂತ. ನಾಳಿಂದ ಬರೀ ಒಗ್ಗರಣಿ ಹಾಕು, ಲಿಂಬಿಕಾಯಿ ಉಳೀತಾವು.”

ಸಿಂದಗಿ: ಸ್ವಂತ ಖರ್ಚಿನ ಚಹಾ

ಡೈರೆಕ್ಟರುಗಳ ಸಭೆ ಒಂದೊಂದು ಸಲ ಒಂದೊಂದು ಊರಿನಲ್ಲಿ. ಸಿಂದಗಿಯ ಸಭೆಯಲ್ಲಿ ಚಹಾ ಬೇಡವೆಂದು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ನಡೆದೆ. ಕುಡಿದು ರೊಕ್ಕ ಕೊಡಹೋದರೆ ಮಾಲಕರು ಕೈಮುಗಿದರು: “ಬ್ಯಾಡ್ರಿ, ನಾನೂ ನಿಮ್ಮ ಕಂಪನಿ ಶೇರುದಾರ ಅದೀನಿ.” ಬಲವಂತವಾಗಿ ಅವರ ಕೈಯಲ್ಲಿಟ್ಟು ಪಾನಪಟ್ಟಿ ಅಂಗಡಿಗೆ ಹೋದೆ. ಅವನೂ ಶೇರುದಾರ. ಕೊನೆಗೆ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡ ಮುದುಕಿಯೊಬ್ಬಳ ಮುಂದೆ ಕೂತು ಮೊದಲೇ ಕೇಳಿಬಿಟ್ಟೆ:

“ಯಮ್ಮಾ, ಉಪ್ಪಿನಕಾಯಿ ಕಂಪನ್ಯಾಗ ನಿಂದು ಶೇರು ಐತೇನ?”

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇಲ್ಲೋ ಯಪ್ಪಾ,” ಎಂದಳು. “ಶೇರು ಹಿಡದ್ರ ಹಣ್ಣ ತಗೋತೀಯೇನ?”

ಮುದ್ದೇಬಿಹಾಳ: ಹೊರಗಿನ ಮನುಷ್ಯ

ಸಾಹುಕಾರರ ತಾಳಕ್ಕೆ ಕುಣಿಯದ ಹೊರಗಿನವರೊಬ್ಬರು ಡೈರೆಕ್ಟರ್ ಆಗಬೇಕೆಂದು ನಮ್ಮ ಷರತ್ತು. ಮುದ್ದೇಬಿಹಾಳದ ಸಭೆಗೆ ಸಾಹುಕಾರರು ಆ ಊರಿನ ಹಿರಿಯರೊಬ್ಬರನ್ನು ಕರೆತಂದರು.

“ಇವ್ರು ನಿಮಗೇನಾಗ್ಬೇಕ್ರಿ?” ಎಂದೆ.

“ನಮ್ಮ ದೊಡ್ಡಪ್ಪನ ಮಗ.”

“ಹಂಗಾದ್ರ ಹೊರಗಿನವ್ರು ಹ್ಯಾಂಗ್ ಆಗ್ತಾರ?”

“ಹೊಲದ ಬದುವಿನ ಸಲುವಾಗಿ ನಮ್ಮಿಬ್ಬರದು ಕೋರ್ಟಿನ್ಯಾಗ ಐತ್ರಿ. ನಾ ಏನ ಅಂದ್ರೂ ಇಂವ ಇಲ್ಲ ಅಂತಾನ.”

“ಸುಳ್ಳ,” ಎಂದರು ಹಿರಿಯರು.

ಸಾಹುಕಾರರು ನನ್ನ ಕಡೆ ತಿರುಗಿದರು: “ನೋಡಿದ್ರಿಲ್ಲೋ?”

ಡೈರೆಕ್ಟರುಗಳ ಪಟ್ಟಿಯಲ್ಲಿ ಹಿರಿಯರ ಹೆಸರು ಬರೆದುಕೊಂಡೆ.

ಬಸವನ ಬಾಗೇವಾಡಿ: ಖಾಲಿ ಖೋಲಿ

ಬಾಟಲಿಗೆ ಮುಚ್ಚಳ ಕೂಡಿಸುವ ಮಷೀನು ಕೊಳ್ಳಬೇಕಿತ್ತು. ಸೊಲ್ಲಾಪುರದಲ್ಲಿ ಮಷೀನು ಮಾರುತ್ತಿದ್ದ ಸಾಹುಕಾರರ ಅಳಿಯ, ಉಳಿದ ಅಂಗಡಿಗಳಿಗಿಂತ ಬಹಳ ಹೆಚ್ಚಿನ ದರ ಹೇಳಿದ್ದ. ಮನೆಯವರಿಂದಲೇ ದುಬಾರಿಗೆ ಕೊಂಡರೆ ಎರಡನೇ ಕಂತಿನ ಆಸೆ ಬಿಡಲಿ ಎಂದಿದ್ದರು ದೊಡ್ಡ ಸಾಹೇಬರು. ಅಳಿಯನೋ, ಆರ್ಡರು ಸಿಕ್ಕಿಯೇ ಸಿಗುತ್ತದೆಂದು ಸಭೆಯ ಮನೆಯ ಕಟ್ಟೆಯ ಮೇಲೇ ಬಂದು ಕೂತಿದ್ದ.

ನಾನು ನಿಯಮ ಓದಿದೆ: ಈ ವಿಷಯ ಮುಗಿಯುವತನಕ ಮಾರುವವನ ಸಂಬಂಧಿಕರು ಹೊರಗಿರಬೇಕು. ಸಾಹುಕಾರರು ಎದ್ದರು. ಡೈರೆಕ್ಟರಾಗಿದ್ದ, ಅವರ ಮಗಳ ಸೋದರಮಾವ ಎದ್ದರು. ಆಕೆಯ ಲಗ್ನದಲ್ಲಿ ಮುಂದೆ ನಿಂತು ಮಾತುಕತೆ ಮಾಡಿಸಿದ ಇನ್ನೊಬ್ಬ ಡೈರೆಕ್ಟರೂ ಎದ್ದರು. ಮುದ್ದೇಬಿಹಾಳದ ಹಿರಿಯರಾದರೂ ಕೂತಾರೆಂದರೆ, “ಜಗಳ ನಂದು ಅವಂದು. ಹುಡುಗಿ ನಮ್ಮ ಮನಿ ಮಗಳ,” ಎಂದು ಅವರೂ ಚಪ್ಪಲಿ ಮೆಟ್ಟಿದರು. ಖೋಲಿಯಲ್ಲಿ ಉಳಿದವನು ನಾನೊಬ್ಬನೇ.

ಸ್ವಲ್ಪ ಹೊತ್ತಿಗೆ ಹಿತ್ತಲ ಕಿಟಕಿಯಲ್ಲಿ ಸಾಹುಕಾರರ ತಲೆಯ ಪಟಕ ಕಾಣಿಸಿತು. ಪಿಸುದನಿಯಲ್ಲಿ ಅಂದರು: “ಸಾಹೇಬ್ರ, ಆ ದರಕ್ಕ ತಗೊಂಡ್ರ ನಾ ಮುಳಗತೇನಿ. ನಾ ಬ್ಯಾಡ ಅಂದ್ರ ಮಗಳು ಪಂಚಮಿಗಿ ತವರಿಗಿ ಬರೂದಿಲ್ಲ. ಇಲ್ಲ ಅನ್ನೂದು ನೀವ ಅಂದು ಪುಣ್ಯಾ ಕಟಗೋರಿ.” ಪಟಕ ಮಾಯವಾಯಿತು.

ಮರುಕ್ಷಣ ಮುಂಬಾಗಿಲಿಂದ ಊರಿಗೆಲ್ಲ ಕೇಳುವಂತೆ ಅವರದೇ ದನಿ: “ಒಳಗ ಏನ್ ಆತ್ರಿ ಸಾಹೇಬ್ರ?”

“ಒಬ್ಬನ ಕೂತ್ರ ಠರಾವ್ ಆಗೂದಿಲ್ರಿ,” ಎಂದು ಹೊರಗೆ ಬಂದೆ. “ಆದ್ರ ಈ ದರಕ್ಕ ನಮ್ಮ ಸಂಸ್ಥೆ ಒಪ್ಪೂದಿಲ್ಲ. ಕಡಿಮಿ ದರದಾಂವನ ಕಡೆ ತಗೋರಿ, ಎರಡನೇ ಕಂತಿಗಿ ನಾ ಬರದ್ ಕೊಡ್ತೇನಿ.”

ಸಾಹುಕಾರರು ಮುಖ ಸಣ್ಣದು ಮಾಡಿಕೊಂಡು ಅಳಿಯನ ಪಕ್ಕ ಕೂತರು. ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

“ಕೇಳಿದ್ರಿಲ್ರಿ ಅಳಿಯಂದ್ರ? ಒಳಗಿದ್ದಿದ್ರ ನಿಮ್ಮ ಸಲುವಾಗಿ ಬಡದಾಡತಿದ್ದೆ. ಏನ್ ಮಾಡ್ಲಿ, ನೀವು ನಮ್ಮವ್ರು ಅಂತನ ನನ್ನ ಹೊರಗ ಹಾಕಿದ್ರು.”