ಸಾಕಕ್ಕಾ, ಇಡು

ದರ್ಜಿ ಆಡಿದ್ದು ಒಂದೇ ಮಾತು. ಅದೂ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.

ಬೆಳಿಗ್ಗೆ ಅಕ್ಕನ ಫೋನು ಬಂದಾಗ ಅವನು ಕೋಟಿನ ತೋಳು ಜೋಡಿಸುತ್ತಿದ್ದ. ಅಕ್ಕ ಊರು ಬಿಡುವವಳು; ಹೊಸ ಮನೆಯ ಯಜಮಾನ ನಾಯಿ ಕೂಡದು ಅಂದಿದ್ದನಂತೆ. ಅಲ್ಲಿಂದ ಹಿಡಿದು ನಾಯಿಯ ಗುಣ, ನಾಯಿಯ ಮುನಿಸು, ನಾಯಿಯ ನೆಗಡಿ ಅಂತ ಪುರಾಣ ಮುಗಿಯಲೇ ಇಲ್ಲ. ಕೊನೆಗೆ ತಾಳ್ಮೆ ಕೆಟ್ಟು, “ಸಾಕಕ್ಕಾ, ಇಡು!” ಅಂದ.

ಅತ್ತ ಕಡೆಯಿಂದ, “ಬಂಗಾರದಂಥ ತಮ್ಮ ಕಣೋ ನೀನು!” ಎಂದು ಅಕ್ಕ ಫೋನಿಟ್ಟಳು.

ಬಂಗಾರ ಯಾಕಾದೆ ಎಂದು ಅವನು ಯೋಚಿಸುತ್ತಿರುವಾಗಲೇ ಭಾವ ಬಂದು ಮೇಜಿನ ಮೇಲೆ ಬುಟ್ಟಿ ಕುಕ್ಕಿದ. “‘ಸಾಕಕ್ಕೆ ಇಡು’ ಅಂದ್ಯಂತಲ್ಲ, ಇಟ್ಟಿದೀನಿ. ಸಾಮಾನಿನ ಲಾರಿ ಕಾಯ್ತಿದೆ, ಬರ್ಲಾ?” ಅಂದವನೇ ಮಾಯ.

ಬುಟ್ಟಿಯೊಳಗೆ ರೇಶ್ಮೆ ನೂಲಿನ ಉಂಡೆಯೊಂದಿತ್ತು. ಅದರ ತಲೆ ಯಾವ ಕಡೆ, ಬಾಲ ಯಾವ ಕಡೆ ಎನ್ನುವುದು ಅದು ಸೀನಿದ ಮೇಲೇ ತಿಳಿದದ್ದು. ಚಪ್ಪಟೆ ಮೂಗು, ಗೋಲಿ ಕಣ್ಣು. ನೇರ ಬಂದು ದರ್ಜಿಯ ತೊಡೆ ಹತ್ತಿ, ಪಿತ್ರಾರ್ಜಿತ ಆಸ್ತಿಯ ಮೇಲೆ ಕೂತಂತೆ ಕೂತಿತು.

ದರ್ಜಿ ಗಡಿಯಾರ ನೋಡಿದ. ತವರಿಗೆ ಹೋದ ಹೆಂಡತಿ ಸಂಜೆ ವಾಪಸ್ಸು ಬರುವವಳು. ಚಿಕ್ಕಂದಿನಲ್ಲಿ ನಾಯಿ ಕಚ್ಚಿಸಿಕೊಂಡವಳು. “ಮನೆಯೊಳಗೆ ನಾಯಿ ಬಂದ್ರೆ ನಾನು ಹೊರಗೆ” ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ಹೇಳಿದ್ದನ್ನು ಮಾಡುವ ಹೆಂಗಸು.

ಅವನು ನಾಯಿಯನ್ನು ಎತ್ತಿಕೊಂಡು ಅದೇ ಬೀದಿಯ ಬೇಕರಿಯವನ ಹತ್ತಿರ ಓಡಿದ. ಬೇಕರಿಯವನು ಖುಷಿಯಿಂದ ತಗೊಂಡು ನೆಲಕ್ಕೆ ಬಿಟ್ಟ. ನೆಲ ಅಂದರೇನೆಂದು ಆ ಜಾತಿಗೆ ಗೊತ್ತಿದ್ದರೆ ತಾನೆ! ಹಾರಿ ನಾದಿದ ಹಿಟ್ಟಿನ ಮೇಲೆ ಮಲಗಿ ಗೊರಕೆ ಹೊಡೆಯಿತು.

“ತಗೊಂಡೋಗಪ್ಪಾ ಮಾರಾಯ! ಬನ್ನಿಗೆ ಯಾಕೆ ಗಡ್ಡ ಬಂದಿದೆ ಅಂತಾರೆ ಗಿರಾಕಿಗಳು!”

ಎದುರುಮನೆ ಅಜ್ಜಿ, “ಕೊಡು, ಬೆಚ್ಚಗಿದೆ” ಎಂದು ಜಗಲಿಯಲ್ಲಿ ಕೂತು ಮಡಿಲಲ್ಲಿಟ್ಟುಕೊಂಡಳು. ಬೀದಿಯಲ್ಲಿ ಕರುವಿನಷ್ಟೆತ್ತರದ ನಾಯಿಯೊಂದು ಹಾದುಹೋಯಿತು. ನಮ್ಮ ನೂಲಿನುಂಡೆ ತಾನೇ ಸಿಂಹ ಎಂದುಕೊಂಡು ಅಜ್ಜಿಯ ಶಾಲು ಎಳೆದುಕೊಂಡೇ ಅದರ ಮೇಲೆ ನುಗ್ಗಿತು. ಆ ನಾಯಿ ಒಮ್ಮೆ ತಿರುಗಿ ನೋಡಿದ್ದೇ ತಡ, ಸಿಂಹ ಬಂದು ಅಜ್ಜಿಯ ಸೆರಗಿನಲ್ಲಿ ಅಡಗಿತು. ಶಾಲು ಮಾತ್ರ ಚರಂಡಿ ಸೇರಿತ್ತು.

“ಧೈರ್ಯ ಇಲ್ಲದಿದ್ರೆ ಬಾಯಾದ್ರೂ ಮುಚ್ಕೊಂಡಿರ್ಬೇಕು. ಎರಡೂ ಇಲ್ಲ ನಿನ್ನ ನಾಯಿಗೆ!” ಎಂದಳು ಅಜ್ಜಿ.

“ನನ್ನ ನಾಯಿ ಅಲ್ಲ ಅಜ್ಜಿ!”

“ಮತ್ತೆ ನಿನ್ನನ್ನೇ ಯಾಕೆ ನೆಕ್ತಿದೆ?”

ದರ್ಜಿ ಕೆನ್ನೆ ಒರೆಸಿಕೊಂಡು ನಾಯಿಯನ್ನು ಎತ್ತಿಕೊಂಡ.

ಕೊನೆಗೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕೈನೀಡಿದರು. ಒಂಟಿ ಮನುಷ್ಯ. “ಈ ತಳಿ ಬೇಟೆಗಲ್ಲ, ಕಾವಲಿಗಲ್ಲ ಕಣಯ್ಯಾ. ಬರೀ ಜೊತೆಗೆ. ನನಗೂ ಬೇಕಾದ್ದು ಅಷ್ಟೇ” ಅಂದರು. ದರ್ಜಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಹೆಂಡತಿ ಬಂದಾಗ ಮನೆ ಗುಡಿಸಿ ಲಕ್ಷಣವಾಗಿತ್ತು. ಅವಳು ಚೀಲ ಇಡುವುದಕ್ಕೂ ಪಕ್ಕದ ಮನೆಯಲ್ಲಿ “ಊ...” ಎಂದು ರಾಗ ಏಳುವುದಕ್ಕೂ ಸರಿಹೋಯಿತು.

“ಅದೇನ್ರೀ?”

“ಮೇಷ್ಟ್ರ ನಾಯಿ. ಹೊಸದು.”

ರಾಗ ನಿಲ್ಲಲಿಲ್ಲ. ಮೇಷ್ಟ್ರು ಬಾಗಿಲಿಗೆ ಬಂದರು. ಹಿಂದೆ ಬೇಕರಿಯವನು, ಅಜ್ಜಿ. “ಒಂದು ಗಳಿಗೆ ಬಂದು ಕೂರಪ್ಪಾ. ಅದು ಒಬ್ಬರನ್ನ ಹಚ್ಕೊಂಡ್ರೆ ಮುಗೀತು” ಎಂದರು ಮೇಷ್ಟ್ರು.

ದರ್ಜಿ ಹೋಗಿ ಕೂತ. ನಾಯಿ ತೊಡೆ ಹತ್ತಿ ಸುಮ್ಮನಾಯಿತು. ಅವನು ಎದ್ದ. “ಊ...” ಕೂತ. ಮೌನ. ಎದ್ದ. “ಊ...”

“ಏಳ್ಬೇಡ್ವೋ!” ಎಂದು ಬೇಕರಿಯವನು ಅವನ ಹೆಗಲು ಅದುಮಿದ. “ಬೆಳಗಾಗೋಕೆ ಮುಂಚೆ ಒಲೆ ಹಚ್ಚೋನು ನಾನು, ನಿದ್ದೆ ಬೇಡ್ವಾ ನಂಗೆ?”

“ಇವನು ಇಲ್ಲೇ ಇರ್ಲಿ ಬಿಡು. ನಡುವೆ ಇರೋದು ಒಂದು ಗೋಡೆ” ಎಂದು ಅಜ್ಜಿ ತೀರ್ಪು ಕೊಟ್ಟಳು. ಬೇಕರಿಯವನು ಹೊಲಿಗೆ ಯಂತ್ರ ಹೊತ್ತು ತಂದ.

ದರ್ಜಿ ಕಿಟಕಿಯಿಂದ ಹೆಂಡತಿಯನ್ನು ದೀನನಾಗಿ ನೋಡಿದ. ಅವಳು ಗೋಡೆಯ ಮೇಲಿಂದ ದಿಂಬು ದಾಟಿಸಿದಳು.

“ನಾಯಿ ಒಳಗೆ ಬಂದ್ರೆ ನಾನು ಹೊರಗೆ ಅಂದಿದ್ದು ನಿಜ. ನೀವೇ ಹೊರಗೆ ಹೋದ್ರೆ ನಂದೇನೂ ತಕರಾರಿಲ್ಲಪ್ಪ.”

ಮೇಷ್ಟ್ರು ದಾರಿಹೋಕರನ್ನು ನಿಲ್ಲಿಸಿ ಸಂಭ್ರಮದಿಂದ ಹೇಳುತ್ತಿದ್ದರು: “ಒಂಟಿಯಾಗಿದ್ದೆ ಕಣ್ರೀ. ಒಂದು ನಾಯಿ ತಗೊಂಡೆ, ದರ್ಜೀನೂ ಬಂದ.”