‘ರೀ’ ಎಂದರೆ ಫೋನು

ಹೊಸ ಸೌಲಭ್ಯವೆಂದರೆ ನನಗೆ ಮೊದಲಿನಿಂದಲೂ ಆಸೆ. ‘ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಲೇ?’ ಎಂದು ಫೋನು ಕೇಳುವುದೇ ತಡ, ಏನು ಎತ್ತ ಎಂದು ಓದದೆ ‘ಹೂಂ’ ಒತ್ತಿಬಿಡುತ್ತೇನೆ. ಹಿಂದೊಮ್ಮೆ ಹಾಗೆ ಒತ್ತಿದ್ದಕ್ಕೆ ಟಾರ್ಚು ಎಲ್ಲೋ ಅಡಗಿಕೊಂಡು, ಹೆಜ್ಜೆ ಎಣಿಸುವ ಸೌಲಭ್ಯ ವಕ್ಕರಿಸಿತು. ಶಿಕಾರಿಪುರದ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ದಿನವಿಡೀ ಗಾದಿಯ ಮೇಲೆ ಕೂರುವವನಿಗೆ ಅದು ಸಂಜೆ ಒಪ್ಪಿಸುವ ಲೆಕ್ಕ ಮಾನ ಕಳೆಯುವಂಥದ್ದು. ಆದರೂ ಬುದ್ಧಿ ಬರಲಿಲ್ಲ.

ಈ ಸಲ ಬಂದದ್ದು ಕರೆದರೆ ಓಗೊಡುವ ಸೌಲಭ್ಯ. ‘ನನ್ನನ್ನು ಏನೆಂದು ಕರೆಯುತ್ತೀರಿ? ಮೂರು ಸಲ ಹೇಳಿ’ ಎಂದಿತು ಫೋನು. ದೇವರ ಹೆಸರಿಡಲೋ, ಮುದ್ದಿನ ಹೆಸರಿಡಲೋ ಎಂದು ನಾನು ಯೋಚಿಸುತ್ತಿರುವಾಗಲೇ ಅಡುಗೆಮನೆಯಿಂದ ನನ್ನ ಹೆಂಡತಿ ಗಿರಿಜಾ, “ರೀ... ರೀ... ರೀ!” ಎಂದು ಕೂಗಿದಳು. ‘ಗೊತ್ತಾಯಿತು, ಧನ್ಯವಾದ’ ಎಂದಿತು ಫೋನು.

ಅಂದಿನಿಂದ ಅವಳು ‘ರೀ’ ಎಂದರೆ, ನಾನು ಪೇಪರಿನಿಂದ ತಲೆ ಎತ್ತುವುದರೊಳಗೆ ಅದು ‘ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ’ ಎನ್ನುತ್ತದೆ. ಈ ವಾಕ್ಯವನ್ನು ಮದುವೆಯಾದಾಗಿನಿಂದ ನಾನು ಒಮ್ಮೆಯೂ ಆಡಿದ್ದಿಲ್ಲ. ಅಂಗಡಿಯಲ್ಲಿ ಇನ್ನೊಂದು ಪೇಚು. ನಮ್ಮೂರಿನಲ್ಲಿ ‘ರೀ’ ಸೇರಿಸದೆ ಯಾರೂ ಬಾಯಿ ತೆರೆಯುವುದಿಲ್ಲ. ತೊಗರ್ಸಿಯ ಗೌಡರೊಬ್ಬರು ಬಂದು, “ಆರಾಮೇನ್ರೀ? ಸೀರೆ ತೋರಿಸ್ರೀ” ಎಂದರೆ ಪ್ರತಿ ಮಾತಿಗೂ ನನ್ನ ಜೇಬಿನಿಂದ ‘ಹೇಳಿ’. ಅವರು “ಕೆಳಗ ಯಾರನ್ನ ಕೂಡ್ರಿಸೀರಿ?” ಎಂದು ಕೌಂಟರಿನಡಿ ಬಗ್ಗಿ ನೋಡಿದರು.

ಪದ ಬದಲಿಸಲು ಹೋದರೆ, ‘ಮೊದಲು ಹೇಳಿದವರೇ ಹೇಳಬೇಕು’ ಎಂದು ಫೋನು ಹಟ ಹಿಡಿಯಿತು. ಗಿರಿಜಾ ಸೊರಬದ ಕಡೆ ಉಳವಿಯವಳು. ಮಾತು ಮೆತ್ತಗೆ, ಪಟ್ಟು ಗಟ್ಟಿ. “ಇರ್ಲಿ ಬಿಡಿ ಮಾರಾಯ್ರೆ, ಒಂದೇ ಕೂಗಿಗೆ ಓ ಅಂತದೆ. ಪಾಪ, ಎದುರು ಮಾತಾಡದಿಲ್ಲ” ಎಂದಳು. ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಅವಳು ಎಂದೂ ನನ್ನ ಹೆಸರು ಹಿಡಿದು ಕರೆದವಳಲ್ಲ. ಈ ಮನೆಯಲ್ಲಿ ನನಗಿದ್ದದ್ದು ‘ರೀ’ ಎಂಬ ಒಂದೇ ಹೆಸರು. ಅದನ್ನೂ ಕೈಯಾರೆ ‘ಹೂಂ’ ಒತ್ತಿ ಕೊಟ್ಟುಬಿಟ್ಟಿದ್ದೆ.

ಬಿಡಬಾರದೆಂದು ನಿಶ್ಚಯಿಸಿದೆ. ನಿನ್ನೆ ಬೆಳಗ್ಗೆ ಪೇಪರು ಹಿಡಿದು, ಕಿವಿ ಮಾತ್ರ ಅಡುಗೆಮನೆಯ ಕಡೆ ಇಟ್ಟು ಕೂತಿದ್ದೆ. “ರೀ” ಎಂದದ್ದೇ ಸರಿ, ಧಡಕ್ಕನೆ ಎದ್ದು, ಫೋನಿಗಿಂತ ಮೊದಲೇ ಬಾಗಿಲಲ್ಲಿ ನಿಂತು, “ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ!” ಎಂದೆ.

ಗಿರಿಜಾ ಸೌಟು ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿಮ್ಮನ್ನ ಕರ್ದಿದ್ದಲ್ಲ, ಫೋನನ್ನ. ಇವತ್ತು ಮಳೆ ಬರ್ತದಾ ಅಂತ ಕೇಳಣ ಅಂತ.” ಆಮೇಲೆ ಕನಿಕರ ಬಂದಿರಬೇಕು. “ಹೆಂಗೂ ಎದ್ದೀರಲ್ಲ, ಕೊತ್ತಂಬರಿ ಸೊಪ್ಪು ತಂದ್ಬಿಡಿ” ಎಂದಳು.

ಚೀಲ ಹಿಡಿದು ಮಾರ್ಕೆಟ್ಟಿಗೆ ಹೊರಟೆ. ಅಪರೂಪಕ್ಕೆ ನಡೆದ ಆ ಹೆಜ್ಜೆಗಳೂ ನನ್ನ ಲೆಕ್ಕಕ್ಕೆ ಬರಲಿಲ್ಲ. ಎಣಿಸಬೇಕಾದವನು ಮನೆಯಲ್ಲಿ ಹಾಯಾಗಿ ಚಾರ್ಜಿಗೆ ಕೂತಿದ್ದ.